ಮಾಡದ ಕೆಲಸದ ಪ್ರಶಂಸೆ

ಮನುಷ್ಯನು ತನ್ನ ಕುರಿತು ತಾನೇ ಸಾಕ್ಷಿ ನುಡಿಯಬೇಕಾದ ಸಂದರ್ಭಗಳು ಬದುಕಿನಲ್ಲಿ ಹಲವು ಬರುತ್ತವೆ. ಹೆಣ್ಣು ಕೇಳಲು ಹೋದಾಗ, ಸಾಲ ಕೇಳುವಾಗ, ಸರಕು ಮಾರುವಾಗ, ಉದ್ಯೋಗ ಅರಸುವಾಗ ತಾನು ಎಂಥವನು, ತನ್ನಲ್ಲಿ ಏನಿದೆ ಎಂಬುದನ್ನು ಅವನು ಹೇಳಲೇಬೇಕಾಗುತ್ತದೆ. ಇತರರ ವಿರುದ್ಧ ಸುಳ್ಳು ಸಾಕ್ಷಿ ನುಡಿಯುವುದು ಮಹಾಪಾಪವೆಂಬುದು ನಮಗೆಲ್ಲರಿಗೂ ತಿಳಿದಿದೆ. ಮಿಂಬರ್‌ನಿಂದ ಅದನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ತನ್ನ ಪರವಾಗಿ ತಾನೇ ನುಡಿಯುವ ಸುಳ್ಳು ಸಾಕ್ಷಿಯನ್ನು ನಾವು ಅಷ್ಟು ಗಂಭೀರವಾಗಿ ಪರಿಗಣಿಸುವುದಿಲ್ಲ. ಅದಕ್ಕೆ ಜಾಣ್ಮೆಯೆಂದು ಹೆಸರಿಟ್ಟಿದ್ದೇವೆ. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂಬ ಒಂದು ಮಾತು ಅದರ ಮೇಲೆ ಪರದೆ ಎಳೆದುಬಿಡುತ್ತದೆ.

ಹಿಂದೆ ಈ ಸಾಕ್ಷಿಗೆ ಒಂದು ಹಾಳೆಯ ಬಯೋಡೇಟಾ ಸಾಕಾಗುತ್ತಿತ್ತು. ಅದನ್ನು ಓದುವವರೂ ಒಬ್ಬಿಬ್ಬರೇ. ಇಂದು ಅದು ಜಗತ್ತಿನ ಮುಂದೆ ಹಗಲಿರುಳು ತೆರೆದಿರುವ ಫಲಕವಾಗಿದೆ. ಉದ್ಯೋಗಸ್ಥರ ಜಾಲತಾಣಗಳ ಪೈಕಿ ಅತ್ಯಂತ ದೊಡ್ಡದಾದ ಲಿಂಕ್ಡ್‌ಇನ್ 2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು 2,600 ಕೋಟಿ ಡಾಲರಿಗೂ ಅಧಿಕ ಬೆಲೆ ಕೊಟ್ಟು ಅದನ್ನು ಖರೀದಿಸಿತು. 2023ರಲ್ಲಿ ಅದರ ಸದಸ್ಯರ ಸಂಖ್ಯೆ 100 ಕೋಟಿ ದಾಟಿತು. ಅವರಲ್ಲಿ 10 ಕೋಟಿಗೂ ಹೆಚ್ಚು ಮಂದಿ ನಮ್ಮ ದೇಶದವರು. ಬೆಂಗಳೂರಿನ ಕಂಪೆನಿಗಳ ಬಾಗಿಲು ತಟ್ಟುವ, ಮಂಗಳೂರು, ಉಡುಪಿ, ಭಟ್ಕಳಗಳಿಂದ ದುಬೈ, ರಿಯಾದ್, ದೋಹಾಗಳತ್ತ ಕಣ್ಣಿಟ್ಟಿರುವ ನಮ್ಮ ಪದವೀಧರ ಯುವಕ ಯುವತಿಯರೂ ಅಲ್ಲಿದ್ದಾರೆ. ಹೆಸರು, ಭಾವಚಿತ್ರ, ಕಲಿತ ಶಾಲೆ, ಮಾಡಿದ ಕೆಲಸ, ಗಳಿಸಿದ ಅನುಭವ, ಇವೆಲ್ಲವನ್ನೂ ಅವರು ಅಲ್ಲಿ ಬರೆದಿಟ್ಟಿರುತ್ತಾರೆ. ಆಗಾಗ ತಮ್ಮ ಕೆಲಸದ ಬಗ್ಗೆ ಒಂದೆರಡು ಪುಟ ಬರೆದು ನಾಲ್ಕು ಜನರ ಗಮನ ಸೆಳೆಯುತ್ತಾರೆ.

ಇದರ ನಡುವೆ ಹೊಸ ಸಂಗತಿಯೊಂದು ಬಂದಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ಯಂತ್ರವು ಸಾರ್ವಜನಿಕರ ಕೈಗೆ ಸಿಕ್ಕಿತು. ಮರುವರ್ಷವೇ ಲಿಂಕ್ಡ್‌ಇನ್ ಕೂಡ ತನ್ನ ಶುಲ್ಕ ತೆತ್ತ ಸದಸ್ಯರಿಗೆ ಅವರ ಪರಿಚಯವನ್ನು ಯಂತ್ರದಿಂದಲೇ ಬರೆಸಿಕೊಳ್ಳುವ ಸೌಲಭ್ಯ ಒದಗಿಸಿತು. ಈಗ ಎರಡು ಸಾಲಿನ ಆಜ್ಞೆ ಕೊಟ್ಟರೆ ಸಾಕು. ಸೋಲಿನಿಂದ ಕಲಿತ ಪಾಠಗಳು, ಕಣ್ಣೀರಿನ ಪ್ರಸಂಗಗಳು, ನಾಯಕತ್ವದ ಸೂತ್ರಗಳು, ಎಲ್ಲವೂ ಕ್ಷಣಾರ್ಧದಲ್ಲಿ ಸೊಗಸಾದ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತವೆ. 2024ರಲ್ಲಿ, ಯಂತ್ರಬರಹವನ್ನು ಗುರುತಿಸುವ ಸಂಸ್ಥೆಯೊಂದು ಲಿಂಕ್ಡ್‌ಇನ್‌ನ ದೀರ್ಘ ಇಂಗ್ಲಿಷ್ ಬರಹಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಂತ್ರದ ನೆರವಿನಿಂದ ಹುಟ್ಟಿದವು ಎಂದು ಅಂದಾಜಿಸಿತು. ಗುರುತಿಸುವ ಉಪಕರಣಗಳೂ ತಪ್ಪುವುದುಂಟು. ಆ ಲೆಕ್ಕವನ್ನು ಅಂದಾಜೆಂದೇ ತೆಗೆದುಕೊಳ್ಳೋಣ. ಆದರೆ ದಿನವೂ ಆ ತಾಣವನ್ನು ತೆರೆಯುವವರಿಗೆ ಲೆಕ್ಕದ ಅಗತ್ಯವಿಲ್ಲ. ಬೇರೆ ಬೇರೆ ಮುಖಗಳು ಒಂದೇ ನಾಲಿಗೆಯಿಂದ ಮಾತನಾಡುವುದನ್ನು ಅವರು ನೋಡುತ್ತಲೇ ಇದ್ದಾರೆ.

ಇಲ್ಲಿ ಸತ್ಯವಿಶ್ವಾಸಿಯ ಹೊಣೆ ಏನು? ಆ ತಾಣವನ್ನೇ ತೊರೆಯಬೇಕೆ? ಯಂತ್ರವನ್ನು ಮುಟ್ಟಲೇಬಾರದೆ? ಅಥವಾ ಎಲ್ಲರಂತೆ ತಾನೂ ತೇಲಿಹೋಗಬಹುದೆ?

ಇದೂ ಒಂದು ಮಾರುಕಟ್ಟೆ

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಹೆಸರು ಯಾವುದೇ ಇರಲಿ, ಉದ್ಯೋಗದ ಜಾಲತಾಣವು ಒಂದು ಮಾರುಕಟ್ಟೆ. ಅಲ್ಲಿ ಮಾರಾಟಕ್ಕಿರುವುದು ಅಕ್ಕಿಯಲ್ಲ, ಬಟ್ಟೆಯಲ್ಲ; ನಮ್ಮ ಶ್ರಮ, ನಮ್ಮ ಕೌಶಲ, ನಮ್ಮ ವಿಶ್ವಾಸಾರ್ಹತೆ. ಕೊಳ್ಳುವವನು ನಮ್ಮನ್ನು ನೋಡಿಲ್ಲ. ನಾವು ತೋರಿಸಿದ್ದನ್ನು ನಂಬಿ ಅವನು ಬೆಲೆ ಕಟ್ಟುತ್ತಾನೆ. ಹೀಗಿರುವಾಗ ಇಸ್ಲಾಮ್ ಮಾರುಕಟ್ಟೆಗೆ ವಿಧಿಸಿರುವ ನಿಯಮಗಳು ಇಲ್ಲಿಗೂ ಅನ್ವಯಿಸದೆ ಇರಲು ಹೇಗೆ ಸಾಧ್ಯ?

ಒಮ್ಮೆ ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ತಾಗಿತು. ಇದೇನೆಂದು ವಿಚಾರಿಸಿದಾಗ ಮಳೆಗೆ ನೆನೆಯಿತೆಂದು ವ್ಯಾಪಾರಿ ತಿಳಿಸಿದನು. ಹಾಗಾದರೆ ಜನರು ನೋಡುವಂತೆ ಒದ್ದೆ ಧಾನ್ಯವನ್ನೇ ಮೇಲೆ ಏಕೆ ಇಡಲಿಲ್ಲವೆಂದು ಅವರು(ಸ) ಪ್ರಶ್ನಿಸಿದರು. ವಂಚಿಸುವವನು ತನ್ನವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಈ ಘಟನೆಯನ್ನು ಗಮನವಿಟ್ಟು ನೋಡಿರಿ. ಆ ವ್ಯಾಪಾರಿಯು ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಮೇಲಿದ್ದ ಧಾನ್ಯ ಒಣಗಿಯೇ ಇತ್ತು, ಅದು ಅವನದೇ ಧಾನ್ಯವಾಗಿತ್ತು. ಜೋಡಿಸಿಟ್ಟ ರೀತಿಯೇ ಸುಳ್ಳು ಹೇಳುತ್ತಿತ್ತು.

ಇನ್ನೊಂದು ಆದೇಶವಿದೆ. ಹಾಲು ಕೊಡುವ ಒಂಟೆಯನ್ನೋ ಕುರಿಯನ್ನೋ ಮಾರುವವರು ಕೆಲವು ದಿನ ಹಾಲು ಕರೆಯದೆ ಕೆಚ್ಚಲನ್ನು ಕಟ್ಟಿಬಿಡುತ್ತಿದ್ದರು. ತುಂಬಿದ ಕೆಚ್ಚಲು ಕಂಡು ಕೊಳ್ಳುವವನು ಇದು ದಿನವೂ ಇಷ್ಟೇ ಹಾಲು ಕೊಡುವುದೆಂದು ಭಾವಿಸುತ್ತಿದ್ದನು. ಪ್ರವಾದಿವರ್ಯರು(ಸ) ಇದನ್ನು ನಿಷೇಧಿಸಿದರು. ಮೋಸ ಹೋದವನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕು ಕೊಟ್ಟರು; ಕರೆದ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರವನ್ನು ಜತೆಗೆ ಕೊಡಬೇಕೆಂದೂ ವಿಧಿಸಿದರು. ಇಲ್ಲಿಯೂ ಹಾಲು ನಿಜವೇ, ಪ್ರಾಣಿಯೂ ನಿಜವೇ. ನಿತ್ಯದ ಇಳುವರಿಯ ಬಗ್ಗೆ ಮೂಡಿಸಿದ ಭಾವನೆ ಮಾತ್ರ ಸುಳ್ಳು.

ಯಂತ್ರದಿಂದ ಬರೆಸಿದ ಪರಿಚಯವನ್ನು ಹೊತ್ತು ಸಂದರ್ಶನಕ್ಕೆ ಹೋಗುವ ಯುವಕನ ಸ್ಥಿತಿ ಇದೇ ಅಲ್ಲವೆ? ಒಂದು ತಂಡದ ಆರನೆಯ ಸದಸ್ಯನಾಗಿ ದುಡಿದವನು 'ತಂಡವನ್ನು ಮುನ್ನಡೆಸಿದವನು' ಆಗಿರುತ್ತಾನೆ. ಮೂರು ದಿನ ತರಬೇತಿ ಪಡೆದವನು 'ಪರಿಣತ'ನಾಗಿರುತ್ತಾನೆ. ಕೆಚ್ಚಲು ತುಂಬಿದಂತೆ ಕಾಣುತ್ತದೆ. ಮೊದಲ ದಿನ ಹಾಲು ಕರೆದಾಗ ಕೊಳ್ಳುವವನಿಗೂ ತಿಳಿಯುವುದಿಲ್ಲ. ಎರಡನೆಯ ತಿಂಗಳು ಎಲ್ಲವೂ ಬಯಲಾಗುತ್ತದೆ. ಆಗ ಹಿಂದಿರುಗಿ ಬರುವುದು ಕುರಿಯಲ್ಲ; ವೀಸಾಕ್ಕೆಂದು ಸಾಲ ಮಾಡಿ ಊರು ಬಿಟ್ಟ ಮನುಷ್ಯ, ಅವನನ್ನು ನಂಬಿಕೊಂಡಿರುವ ತಂದೆತಾಯಿ.

ಮಾರುಕಟ್ಟೆಯ ಮೂರನೆಯ ನಿಯಮವು ನಜ್ಶ್ ಎಂಬುದರ ನಿಷೇಧ. ಕೊಳ್ಳುವ ಉದ್ದೇಶವಿಲ್ಲದೆ, ಇತರರನ್ನು ಮರುಳುಗೊಳಿಸಲಿಕ್ಕಾಗಿಯೇ ಹರಾಜಿನಲ್ಲಿ ಬೆಲೆ ಏರಿಸುತ್ತಾ ಹೋಗುವುದಕ್ಕೆ ನಜ್ಶ್ ಎನ್ನುತ್ತಾರೆ. ಇಂದು ಹತ್ತಿಪ್ಪತ್ತು ಮಂದಿ ಒಳಗೊಳಗೇ ಒಪ್ಪಂದ ಮಾಡಿಕೊಂಡು, ಒಬ್ಬರ ಬರಹವನ್ನು ಇನ್ನೊಬ್ಬರು ಓದದೆಯೇ ಮೆಚ್ಚುವ, ಯಂತ್ರದಿಂದ ಪ್ರಶಂಸೆಯ ಮಾತು ಬರೆಸಿ ಅದರ ಕೆಳಗೆ ಅಂಟಿಸುವ ಕೂಟಗಳಿವೆ. ಓದದೆ ಹೊಗಳುವುದು, ಕೊಳ್ಳದೆ ಬೆಲೆ ಏರಿಸುವುದು, ಇವೆರಡರ ನಡುವೆ ವ್ಯತ್ಯಾಸ ಎಲ್ಲಿದೆ?

ತನ್ನ ಬಗ್ಗೆ ಹೇಳಿಕೊಳ್ಳುವುದೇ ತಪ್ಪೆ?

ಇದನ್ನು ಕೇಳಿ ಕೆಲವು ಧರ್ಮನಿಷ್ಠ ಯುವಕರು ಇನ್ನೊಂದು ತುದಿಗೆ ಸರಿಯುತ್ತಾರೆ. ತನ್ನ ಸಾಮರ್ಥ್ಯವನ್ನು ತಾನೇ ಹೇಳಿಕೊಳ್ಳುವುದು ಅಹಂಕಾರವೆಂದು ಭಾವಿಸಿ ಮೌನವಾಗಿ ಕುಳಿತುಬಿಡುತ್ತಾರೆ. ಇದೂ ಸರಿಯಲ್ಲ. ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ಓದಿರಿ. ಸೆರೆಮನೆಯಿಂದ ಹೊರಬಂದ ಹ. ಯೂಸುಫ್(ಅ) ಈಜಿಪ್ಟಿನ ದೊರೆಯ ಮುಂದೆ ನಿಂತು, ದೇಶದ ಉಗ್ರಾಣಗಳನ್ನು ತನಗೆ ವಹಿಸಿಕೊಡಬೇಕೆಂದೂ ತಾನು ಅವುಗಳನ್ನು ಕಾಪಾಡಬಲ್ಲವನೂ ಬಲ್ಲವನೂ ಆಗಿರುವೆನೆಂದೂ ತಿಳಿಸಿದರು. ಬರಗಾಲ ಬರಲಿತ್ತು, ಆ ಹೊಣೆಗೆ ತಕ್ಕವರು ಅವರಾಗಿದ್ದರು. ಅಗತ್ಯವಿದ್ದಾಗ, ಅಗತ್ಯವಿರುವಷ್ಟು, ಇರುವುದನ್ನೇ ಹೇಳಿದರು. ಸೆರೆಮನೆಯ ಕಷ್ಟವನ್ನು ಬಣ್ಣಿಸಿ ಅವರು ಕನಿಕರ ಗಿಟ್ಟಿಸಲಿಲ್ಲ.

ಶಿಫಾರಸಿಗೂ ಕುರ್‌ಆನಿನಲ್ಲಿ ಒಂದು ಮಾದರಿ ಇದೆ. ಮದ್ಯನ್‌ನ ಬಾವಿಯ ಬಳಿ ಹ. ಮೂಸಾ(ಅ) ಇಬ್ಬರು ಅಪರಿಚಿತ ಸಹೋದರಿಯರ ಆಡುಗಳಿಗೆ ನೀರುಣಿಸಿದರು. ಅನಂತರ ಅವರಲ್ಲೊಬ್ಬಳು ತನ್ನ ತಂದೆಯೊಡನೆ, ಈತನನ್ನು ಕೆಲಸಕ್ಕಿಟ್ಟುಕೊಳ್ಳಿ, ಶಕ್ತನೂ ವಿಶ್ವಸ್ತನೂ ಆದವನೇ ಕೆಲಸಕ್ಕೆ ಉತ್ತಮನೆಂಬ ಅರ್ಥದ ಮಾತನ್ನಾಡಿದಳು. ಕಸಸ್ ಅಧ್ಯಾಯದಲ್ಲಿ ಈ ಪ್ರಸಂಗ ಬರುತ್ತದೆ. ಎರಡೇ ಗುಣಗಳು. ಅವುಗಳನ್ನು ಆಕೆ ಕಣ್ಣಾರೆ ಕಂಡಿದ್ದಳು. ಗುಂಪಿನ ನಡುವೆ ನುಗ್ಗಿ ನೀರು ಸೇದಿದ್ದನ್ನು ನೋಡಿದ್ದಳು, ಅಪರಿಚಿತ ಹೆಣ್ಣುಮಕ್ಕಳೊಡನೆ ಆತನ ಸಭ್ಯ ನಡತೆಯನ್ನೂ ಕಂಡಿದ್ದಳು. ನಾವು ಲಿಂಕ್ಡ್‌ಇನ್‌ನಲ್ಲಿ ಗೆಳೆಯನಿಗಾಗಿ ಬರೆಯುವ ಶಿಫಾರಸು ಹೀಗಿದೆಯೇ? ಅಥವಾ ಆತನ ಹೆಸರು ಮತ್ತು ಹುದ್ದೆಯನ್ನು ಯಂತ್ರಕ್ಕೆ ಕೊಟ್ಟು, ಅದು ಕೊಟ್ಟ ವಿಶೇಷಣಗಳನ್ನು ಹಾಗೆಯೇ ಹಾಕಿದ್ದೇವೆಯೇ? ಕಾಣದ್ದನ್ನು ಕಂಡೆನೆನ್ನುವುದು ಸಾಕ್ಷ್ಯವಲ್ಲ. ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂದೂ ಕಿವಿ, ಕಣ್ಣು, ಹೃದಯಗಳೆಲ್ಲವೂ ವಿಚಾರಣೆಗೊಳಗಾಗಲಿವೆಯೆಂದೂ ಇಸ್ರಾ ಅಧ್ಯಾಯದ 36ನೆಯ ಸೂಕ್ತವು ನಮಗೆ ತಿಳಿಸುತ್ತದೆ.

ಬರೆದುಕೊಡುವವನು ಯಾರು, ಹೇಳುವವನು ಯಾರು?

ಇನ್ನು ಯಂತ್ರದ ವಿಷಯಕ್ಕೆ ಬರೋಣ. ಅದರ ನೆರವು ಪಡೆಯುವುದೇ ಪಾಪವೆಂದು ಹೇಳಲಾಗದು. ಒಂದು ಕಾಲದಲ್ಲಿ ನಮ್ಮ ಕರಾವಳಿಯ ಮನೆಗಳಿಂದ ಕೊಲ್ಲಿ ರಾಷ್ಟ್ರಗಳಲ್ಲಿದ್ದ ಮಕ್ಕಳಿಗೆ ಪತ್ರ ಹೋಗುತ್ತಿತ್ತು. ಬರೆಯಲು ಬಾರದ ತಾಯಂದಿರು ಶಾಲೆಗೆ ಹೋಗುವ ಹುಡುಗನನ್ನೋ ನೆರೆಮನೆಯವರನ್ನೋ ಕರೆದು ಕೂರಿಸಿ ಬರೆಸುತ್ತಿದ್ದರು. ಅಕ್ಷರ ಆ ಹುಡುಗನದು, ಒಕ್ಕಣೆಯೂ ಅವನದೇ. ಆದರೆ ಸುದ್ದಿ ತಾಯಿಯದು, ಕಣ್ಣೀರು ತಾಯಿಯದು. ಮಗನು ಅದನ್ನು ತಾಯಿಯ ಪತ್ರವೆಂದೇ ಓದುತ್ತಿದ್ದನು, ಅದರಲ್ಲಿ ಮೋಸವಿರಲಿಲ್ಲ. ಪ್ರವಾದಿವರ್ಯರೂ(ಸ) ಅರಸರಿಗೆ ಪತ್ರಗಳನ್ನು ಬರೆಸಿದ್ದು ಲಿಪಿಕಾರರ ಕೈಯಿಂದಲೇ.

ಆದುದರಿಂದ ಕನ್ನಡ ಮಾಧ್ಯಮದಲ್ಲಿ ಕಲಿತು, ಕೆಲಸದಲ್ಲಿ ನಿಪುಣನಾಗಿದ್ದು, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ತಡವರಿಸುವ ಯುವಕನು ತನ್ನ ಮಾತನ್ನು ಯಂತ್ರದಿಂದ ತಿದ್ದಿಸಿಕೊಂಡರೆ ಅದು ಲಿಪಿಕಾರನ ಸೇವೆಯಾಗುತ್ತದೆ. ಇಂಗ್ಲಿಷ್ ಮನೆಮಾತಾಗಿರುವವರ ಎದುರು ಅವನ ಯೋಗ್ಯತೆ ಮಸುಕಾಗದಂತೆ ಅದು ಕಾಪಾಡಬಹುದು. ಅಂಥವನನ್ನು ನೋಡಿ ಯಂತ್ರದಿಂದ ಬರೆಸಿದ್ದಾನೆಂದು ಗೇಲಿ ಮಾಡುವವರು ಅಲ್ಲಾಹನನ್ನು ಭಯಪಡಲಿ. ಬರಹದ ಶೈಲಿ ನೋಡಿ ಒಬ್ಬನನ್ನು ಸುಳ್ಳುಗಾರನೆಂದು ತೀರ್ಮಾನಿಸುವುದು ದುರ್ಭಾವನೆಯ ಪಾಪಕ್ಕೆ ದಾರಿಯಾಗುತ್ತದೆ.

ಆದರೆ ತಾಯಿ ಹೇಳದೆ ಇದ್ದ ಸುದ್ದಿಯನ್ನು ಆ ಹುಡುಗ ತಾನೇ ಕಲ್ಪಿಸಿ ಬರೆದಿದ್ದರೆ? ಇಲ್ಲದ ಕಾಯಿಲೆಯನ್ನು ಹುಟ್ಟಿಸಿದ್ದರೆ? ಆಗ ಅದು ಪತ್ರವಾಗಿರುತ್ತಿರಲಿಲ್ಲ. ಯಂತ್ರವು ಮಾಡುವುದು ಇದನ್ನೇ, ನಾವು ಬಿಟ್ಟರೆ. ಅದು ಅಪಾರ ಬರಹಗಳನ್ನು ಅರಗಿಸಿಕೊಂಡು, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚೆಂಬ ಲೆಕ್ಕಾಚಾರದಿಂದ ವಾಕ್ಯಗಳನ್ನು ಹೆಣೆಯುತ್ತದೆ. ಅದು ಎಂದೂ ಕೆಲಸ ಕಳೆದುಕೊಂಡಿಲ್ಲ, ತಿಂಗಳ ಕೊನೆಗೆ ಬಾಡಿಗೆಗಾಗಿ ಪರದಾಡಿಲ್ಲ. ಆದರೂ ಆ ಅನುಭವಗಳನ್ನು ಅಚ್ಚುಕಟ್ಟಾಗಿ ವರ್ಣಿಸಬಲ್ಲದು. ವರ್ಣನೆ ಅದರದು, ಆದರೆ ಕೆಳಗಿರುವ ಹೆಸರು ನಮ್ಮದು. ಹೆಸರು ಯಾರದೋ ಹೊಣೆಯೂ ಅವರದೇ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕಲ್ಪಿಸಿಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದಾಗ ನ್ಯಾಯಾಧೀಶರು ಯಂತ್ರವನ್ನು ದಂಡಿಸಲಿಲ್ಲ. ವಕೀಲರಿಗೂ ಅವರ ಸಂಸ್ಥೆಗೂ 5,000 ಡಾಲರ್ ದಂಡ ವಿಧಿಸಿದರು. ಇಹಲೋಕದ ನ್ಯಾಯಾಲಯದಲ್ಲೇ ಯಂತ್ರದ ನೆಪ ನಡೆಯದಿದ್ದರೆ, ಪರಲೋಕದ ನ್ಯಾಯಾಲಯದಲ್ಲಿ ನಡೆದೀತೆ?

ಭಾಷೆಯನ್ನು ಸಾಲ ಪಡೆಯಬಹುದು, ಬದುಕನ್ನು ಸಾಲ ಪಡೆಯಲಾಗದು. ಹ. ಅಸ್ಮಾ(ರ) ಅವರಿಂದ ವರದಿಯಾದ ಹದೀಸೊಂದು ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಸವತಿಯ ಮುಂದೆ, ಗಂಡನು ಕೊಡದೆ ಇರುವುದನ್ನು ಕೊಟ್ಟನೆಂದು ತೋರಿಸಿಕೊಳ್ಳಬಹುದೆ ಎಂದು ಮಹಿಳೆಯೊಬ್ಬರು ಕೇಳಿದರು. ತನಗೆ ದೊರೆಯದ್ದನ್ನು ದೊರೆತಂತೆ ಮೆರೆಯುವವನನ್ನು ಪ್ರವಾದಿವರ್ಯರು(ಸ) ಸುಳ್ಳಿನ ಎರಡು ಉಡುಪುಗಳನ್ನು ತೊಟ್ಟವನಿಗೆ ಹೋಲಿಸಿದರು. ಮದುವೆ ಮನೆಯಲ್ಲಿ ಎರವಲು ಒಡವೆ ಧರಿಸಿ ಮೆರೆಯುವುದನ್ನು ನಾವು ನೋಡಿದ್ದೇವೆ. ಒಡವೆ ಸಂಜೆಗೆ ಹಿಂದಿರುಗುತ್ತದೆ. ಎರವಲು ಅನುಭವವನ್ನು ಯಾರಿಗೆ ಹಿಂದಿರುಗಿಸುವುದು?

ತದ್ಲೀಸ್: ಸುಳ್ಳಿನ ಸಹೋದರ

ಮದ್ರಸಾದಲ್ಲಿ ಹದೀಸ್ ಶಾಸ್ತ್ರ ಓದುವ ವಿದ್ಯಾರ್ಥಿಗೆ ತದ್ಲೀಸ್ ಎಂಬ ಪದ ಚಿರಪರಿಚಿತ. ವರದಿಗಾರನೊಬ್ಬನು ಒಂದು ಹದೀಸನ್ನು ನಡುವಿನ ಒಬ್ಬನಿಂದ ಕೇಳಿರುತ್ತಾನೆ. ಆ ನಡುವಿನವನು ದುರ್ಬಲನೋ ಅಪರಿಚಿತನೋ ಆಗಿರುತ್ತಾನೆ. ಆಗ ಇವನು ಅವನ ಹೆಸರನ್ನು ಬಿಟ್ಟು, ಮೇಲಿನ ಪ್ರಸಿದ್ಧ ಗುರುವಿನ ಹೆಸರನ್ನೇ ಎತ್ತಿ 'ಇಂಥವರಿಂದ' ಎಂದು ಹೇಳಿಬಿಡುತ್ತಾನೆ. 'ನಾನು ಕೇಳಿದೆ' ಎನ್ನುವುದಿಲ್ಲ. ಹಾಗೆಂದರೆ ನೇರ ಸುಳ್ಳಾಗುತ್ತದೆ. ಕೇಳಿದವರು ಮಾತ್ರ ಈತ ನೇರವಾಗಿ ಕೇಳಿರುವನೆಂದೇ ತಿಳಿಯುತ್ತಾರೆ. ಇದುವೇ ತದ್ಲೀಸ್. ಹಿಜರಿ 160ರಲ್ಲಿ ನಿಧನರಾದ ಇಮಾಮ್ ಶುಅಬಃ ಬಿನ್ ಹಜ್ಜಾಜ್ ಇದನ್ನು ಸುಳ್ಳಿನ ಸಹೋದರನೆಂದು ಪರಿಗಣಿಸಿದ್ದರು. ಇಮಾಮ್ ಇಬ್ನು ಹಜರ್ ಅವರು ತದ್ಲೀಸ್ ಮಾಡುತ್ತಿದ್ದವರನ್ನು ಐದು ಶ್ರೇಣಿಗಳಾಗಿ ವಿಂಗಡಿಸಿ ಒಂದು ಗ್ರಂಥವನ್ನೇ ರಚಿಸಿದರು. ಮಾತು ಎಷ್ಟು ಚಂದವಿದೆ ಎಂಬುದಕ್ಕಿಂತ ಅದು ಯಾರಿಂದ, ಹೇಗೆ ಬಂತು ಎಂಬುದೇ ಅವರಿಗೆ ಮುಖ್ಯವಾಗಿತ್ತು.

ಆ ಮಹನೀಯರ ಮಾನದಂಡವನ್ನು ಇಂದಿನ ಬರಹಗಳಿಗೆ ಇಟ್ಟು ನೋಡೋಣ. 'ಹತ್ತು ವರ್ಷಗಳ ಅನುಭವದಿಂದ ನಾನು ಕಲಿತ ಏಳು ಪಾಠಗಳು' ಎಂಬ ಶೀರ್ಷಿಕೆ ಇರುತ್ತದೆ. ಹತ್ತು ವರ್ಷ ಕೆಲಸ ಮಾಡಿದ್ದು ನಿಜ. ಏಳು ಪಾಠಗಳೂ ತಪ್ಪಿಲ್ಲದವು. ಆದರೆ ಆ ಪಾಠಗಳು ಆ ಹತ್ತು ವರ್ಷಗಳಿಂದ ಬಂದವಲ್ಲ. ಕಳೆದ ರಾತ್ರಿ ಯಂತ್ರದಿಂದ ಬಂದವು. ಮೊದಲಿನ ಸಾಲಿಗೂ ಕೊನೆಯ ಸಾಲಿಗೂ ನಡುವೆ ಇದ್ದ ಒಬ್ಬನನ್ನು ಬಿಟ್ಟುಬಿಡಲಾಗಿದೆ. ಓದುವ ಹೊಸಬನು ಇದನ್ನು ಬದುಕಿ ಕಲಿತವನ ಮಾತೆಂದು ನಂಬಿ ತನ್ನ ಬದುಕಿನ ನಿರ್ಧಾರ ಕೈಗೊಳ್ಳುತ್ತಾನೆ.

ಈ ನಷ್ಟ ಲೌಕಿಕರಿಗೂ ಮನವರಿಕೆಯಾಗುತ್ತಿದೆ. 2023ರಲ್ಲಿ ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 'ಅಥೆಂಟಿಕ್', ಅಂದರೆ ಅಸಲಿಯಾದುದು ಎಂಬ ಪದವನ್ನು ವರ್ಷದ ಪದವಾಗಿ ಆರಿಸಿದರು. ಯಂತ್ರದ ಬರಹಕ್ಕೆ ತಾವು ನಿರೀಕ್ಷಿಸಿದಷ್ಟು ಬೇಡಿಕೆ ಬರಲಿಲ್ಲವೆಂದು 2025ರಲ್ಲಿ ಲಿಂಕ್ಡ್‌ಇನ್‌ನ ಮುಖ್ಯಸ್ಥರಾಗಿದ್ದ ರಯಾನ್ ರೊಸ್ಲಾನ್ಸ್ಕಿ ಒಪ್ಪಿಕೊಂಡರು. ಅಲ್ಲಿ ಬರೆಯುವವನ ಹೆಸರೂ ಅನ್ನವೂ ಪಣಕ್ಕಿರುವುದರಿಂದ ಜನ ಹಿಂಜರಿಯುತ್ತಾರೆಂಬುದು ಅವರ ವಿವರಣೆಯಾಗಿತ್ತು. ಮಾನ ಹೋದೀತೆಂಬ ಭಯವೇ ಇಷ್ಟು ತಡೆಯಬಲ್ಲದಾದರೆ, ಗುಪ್ತವೂ ಬಹಿರಂಗವೂ ತಿಳಿದಿರುವ ಅಲ್ಲಾಹನ ಭಯ ಎಷ್ಟು ತಡೆಯಬೇಕು!

ಓದುವವರಿಗೂ ಹೊಣೆ ಇದೆ. 2022ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಲಿಂಕ್ಡ್‌ಇನ್‌ನಲ್ಲಿ ಸಾವಿರಕ್ಕೂ ಹೆಚ್ಚು ಖಾತೆಗಳ ಮುಖಚಿತ್ರಗಳು ಯಂತ್ರ ಸೃಷ್ಟಿಸಿದವುಗಳಂತಿರುವುದನ್ನು ಪತ್ತೆ ಹಚ್ಚಿದರು. ಭೂಮಿಯ ಮೇಲೆ ಹುಟ್ಟಿಯೇ ಇಲ್ಲದ ಜನ ಅಲ್ಲಿ ನಗುತ್ತಾ ವ್ಯಾಪಾರ ಕೇಳುತ್ತಿದ್ದರು. ಕೊಲ್ಲಿಯಲ್ಲಿ ಕೆಲಸ ಕೊಡಿಸುವೆನೆಂದು ಅಂಥದೊಂದು ಮುಖ ನಿಮ್ಮ ಮಗನಿಗೆ ಸಂದೇಶ ಕಳುಹಿಸಬಹುದು. ಸುದ್ದಿ ತಂದವನನ್ನೂ ಸುದ್ದಿಯನ್ನೂ ಪರಿಶೀಲಿಸಬೇಕೆಂಬ ಹುಜುರಾತ್ ಅಧ್ಯಾಯದ ಪಾಠವನ್ನು ಇಲ್ಲಿ ಮರೆಯಬಾರದು. ಹಣ ಕೊಡುವ ಮೊದಲು, ಪಾಸ್‌ಪೋರ್ಟಿನ ಪ್ರತಿ ಕಳುಹಿಸುವ ಮೊದಲು, ಆ ಕಂಪೆನಿಯ ಕಚೇರಿಯನ್ನು ನೇರವಾಗಿ ಸಂಪರ್ಕಿಸಿ ವಿಚಾರಿಸಿರಿ.

ಸತ್ಯ ಹೇಳಿದವನಿಗೆ ನಷ್ಟವಾದರೆ?

ಇಷ್ಟೆಲ್ಲ ಹೇಳಿದ ಮೇಲೆ ಪ್ರಾಮಾಣಿಕ ಯುವಕನೊಬ್ಬನ ಪ್ರಶ್ನೆ ಉಳಿದೇ ಉಳಿಯುತ್ತದೆ. ನಾನು ಇದ್ದುದನ್ನೇ ಬರೆಯುತ್ತೇನೆ. ನನ್ನ ಪಕ್ಕದವನು ಇಲ್ಲದ್ದನ್ನು ಬರೆಸುತ್ತಾನೆ. ಕರೆ ಅವನಿಗೆ ಬರುತ್ತದೆ, ನನಗೆ ಬರುವುದಿಲ್ಲ. ಮನೆಯಲ್ಲಿ ತಂಗಿಯ ಮದುವೆ ಇದೆ, ತಂದೆಯ ಔಷಧಿಯ ಖರ್ಚಿದೆ. ನಾನೇನು ಮಾಡಲಿ?

ಇದು ಹಗುರವಾದ ಪ್ರಶ್ನೆಯಲ್ಲ. ಸತ್ಯ ಹೇಳಿದ ಕೂಡಲೇ ಎಲ್ಲವೂ ಸರಿಹೋಗುತ್ತದೆಂದು ಹೇಳಿ ಅವನನ್ನು ಕಳುಹಿಸಿಬಿಡುವುದು ನ್ಯಾಯವಲ್ಲ. ಇದಕ್ಕೆ ಉತ್ತರವಾಗಿ ಹ. ಕಅಬ್ ಬಿನ್ ಮಾಲಿಕ್(ರ) ಅವರ ಜೀವನವನ್ನು ನೋಡೋಣ. ಹಿಜರಿ 9ರಲ್ಲಿ ತಬೂಕ್ ಯಾತ್ರೆ ನಡೆದಾಗ ಅವರು ಯಾವ ಸಕಾರಣವೂ ಇಲ್ಲದೆ ಮದೀನಾದಲ್ಲೇ ಉಳಿದುಬಿಟ್ಟಿದ್ದರು. ಪ್ರವಾದಿವರ್ಯರು(ಸ) ಮರಳಿದಾಗ ಎಂಬತ್ತಕ್ಕೂ ಹೆಚ್ಚು ಮಂದಿ ಬಂದು ಆಣೆಯಿಟ್ಟು ನೆಪಗಳನ್ನು ಹೇಳಿದರು. ಅವರ ಹೊರಮಾತನ್ನು ಅವರು(ಸ) ಸ್ವೀಕರಿಸಿ, ಅಂತರಂಗವನ್ನು ಅಲ್ಲಾಹನಿಗೆ ಬಿಟ್ಟರು. ಕಅಬ್(ರ) ಕವಿಯಾಗಿದ್ದರು, ಮಾತಿನ ಮಲ್ಲರಾಗಿದ್ದರು. ಬೇರೆ ಯಾವ ಲೌಕಿಕನ ಮುಂದೆ ಕುಳಿತಿದ್ದರೂ ಮಾತಿನ ಬಲದಿಂದ ಪಾರಾಗುತ್ತಿದ್ದೆನೆಂದು ಅವರೇ ಹೇಳಿದರು. ಯಂತ್ರ ಇಂದು ನಮಗೆ ಕೊಡುವ ವಾಕ್ಚಾತುರ್ಯವು ಅವರಿಗೆ ಹುಟ್ಟಿನಿಂದಲೇ ಲಭಿಸಿತ್ತು. ಅವರು ಅದನ್ನು ಬಳಸಲಿಲ್ಲ. ತನಗೆ ಯಾವ ನೆಪವೂ ಇರಲಿಲ್ಲವೆಂದು ಇದ್ದುದನ್ನು ಇದ್ದಂತೆ ನುಡಿದರು.

ಪರಿಣಾಮವೇನಾಯಿತು? ನೆಪ ಹೇಳಿದವರು ಆರಾಮವಾಗಿ ಮನೆಗೆ ಹೋದರು. ಸತ್ಯ ಹೇಳಿದ ಕಅಬ್(ರ) ಮತ್ತು ಅವರಂತೆಯೇ ಸತ್ಯ ಹೇಳಿದ ಇನ್ನಿಬ್ಬರಿಗೆ ಐವತ್ತು ದಿನಗಳ ಬಹಿಷ್ಕಾರ. ಸಲಾಮ್ ಹೇಳಿದರೆ ಉತ್ತರಿಸುವವರಿಲ್ಲ. ವಿಶಾಲವಾದ ಭೂಮಿ ಅವರ ಪಾಲಿಗೆ ಇಕ್ಕಟ್ಟಾಯಿತು. ಆಗಲೇ ಗಸ್ಸಾನ್‌ನ ಅರಸನಿಂದ ಒಂದು ಪತ್ರ ಬಂತು. ನಿನ್ನ ಒಡೆಯ ನಿನಗೆ ಅನ್ಯಾಯ ಮಾಡಿದ್ದಾನೆ, ನಮ್ಮ ಬಳಿಗೆ ಬಾ, ಗೌರವಿಸುತ್ತೇವೆ ಎಂಬ ಆಮಂತ್ರಣ. ಇದಕ್ಕಿಂತ ದೊಡ್ಡ ಉದ್ಯೋಗದ ಕರೆ ಯಾವುದಿದ್ದೀತು! ಅವರು ಅದನ್ನು ಒಲೆಗೆ ಹಾಕಿದರು. ಐವತ್ತನೆಯ ದಿನ ಮುಂಜಾನೆಯ ನಮಾಝಿನ ಬಳಿಕ ಸಲಅ್ ಬೆಟ್ಟದ ಮೇಲಿನಿಂದ ಶುಭವಾರ್ತೆ ಕೇಳಿಬಂತು. ಅವರ ಪಶ್ಚಾತ್ತಾಪ ಸ್ವೀಕೃತವಾಗಿತ್ತು. ಸತ್ಯಸಂಧರ ಜತೆಗಿರಬೇಕೆಂಬ ಆದೇಶವು ತೌಬಾ ಅಧ್ಯಾಯದಲ್ಲಿ ಈ ಘಟನೆಯ ಬೆನ್ನಿಗೇ ಬರುತ್ತದೆ.

ಈ ಘಟನೆ ನಮಗೆ ಸುಳ್ಳು ಭರವಸೆ ಕೊಡುವುದಿಲ್ಲ. ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆ, ಕೆಲವೊಮ್ಮೆ ಸುಳ್ಳು ಹೇಳಿದವನಿಗಿಂತಲೂ ಹೆಚ್ಚು. ಐವತ್ತು ದಿನವೆಂಬುದು ಕೆಲವರ ಬದುಕಿನಲ್ಲಿ ಐವತ್ತು ವಾರಗಳಾಗಬಹುದು. ಆದರೆ ಆ ಎಂಬತ್ತು ಮಂದಿಯ ಸೊಗಸಾದ ನೆಪಗಳಲ್ಲಿ ಒಂದಾದರೂ ಇಂದು ಯಾರಿಗಾದರೂ ಬೆಳಕಾಗಿದೆಯೆ? ಕಅಬ್(ರ) ಅವರ ಒಂದು ಒಪ್ಪಿಗೆಯ ಮಾತು ಹದಿನಾಲ್ಕು ಶತಮಾನಗಳಿಂದ ಜನರ ಕಣ್ಣು ತೇವಗೊಳಿಸುತ್ತಿದೆ. ಅನ್ನ ಕೊಡುವವನು ಅಲ್ಲಾಹನೆಂದು ನಂಬಿದವನು ಅವನು ನಿಷೇಧಿಸಿದ ಬಾಗಿಲಿನಿಂದ ಅನ್ನ ಹುಡುಕಲಾರನು. ಇಷ್ಟನ್ನು ಆ ಯುವಕನಿಗೆ ಹೇಳಿದ ಮೇಲೆ ನಮ್ಮ ಹೊಣೆ ಮುಗಿಯುವುದೂ ಇಲ್ಲ. ಸಮುದಾಯದ ಉದ್ಯೋಗದಾತರು, ಜಮಾಅತಿನ ಹಿರಿಯರು ಅಂಥವನನ್ನು ಗುರುತಿಸಿ, ಅವನ ಬಗ್ಗೆ ತಾವು ಕಂಡುದನ್ನು ನಾಲ್ಕು ಕಡೆ ಹೇಳಬೇಕು. ಮದ್ಯನ್‌ನ ಆ ಹೆಣ್ಣುಮಗಳು ಮಾಡಿದ್ದು ಅದನ್ನೇ ಅಲ್ಲವೆ?

ಬರೆದು ಪ್ರಕಟಿಸುವ ಮೊದಲು

ಆದುದರಿಂದ ಸಹೋದರ ಸಹೋದರಿಯರೇ, ಆ ತಾಣದಲ್ಲಿ ಒಂದು ಸಾಲು ಪ್ರಕಟಿಸುವ ಮೊದಲು ನಿಮ್ಮನ್ನು ನೀವೇ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದು ನಿಜವಾಗಿ ನಡೆದುದೆ? ಮಾಡಿದವನು ನಾನೇ ಆಗಿರುವೆನೆ, ಅಥವಾ ಇತರರ ಪಾಲನ್ನೂ ನನ್ನ ಲೆಕ್ಕಕ್ಕೆ ಬರೆದುಕೊಂಡಿರುವೆನೆ? ನನ್ನ ಜತೆ ದುಡಿದವನು ಇದನ್ನು ಓದಿದರೆ ಹೌದೆಂದು ತಲೆಯಾಡಿಸುವನೆ? ಸಂದರ್ಶನದಲ್ಲಿ ಇದರ ಬಗ್ಗೆ ಮೂರು ಪ್ರಶ್ನೆ ಕೇಳಿದರೆ ಯಂತ್ರವಿಲ್ಲದೆ ಉತ್ತರಿಸಬಲ್ಲೆನೆ? ಇದರಲ್ಲಿ ಯಂತ್ರದ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ಹೇಳಬಲ್ಲೆನೆ? ಉತ್ತರ ಹೌದಾದರೆ ಪ್ರಕಟಿಸಿರಿ. ತಿದ್ದಿಸಿದ್ದರೂ ಅಡ್ಡಿಯಿಲ್ಲ. ಉತ್ತರ ಇಲ್ಲವಾದರೆ ಅಳಿಸಿಬಿಡಿ, ಅದು ಎಷ್ಟೇ ಸೊಗಸಾಗಿದ್ದರೂ ಸರಿ.

ಈಗಾಗಲೇ ಬರೆದಿಟ್ಟಿರುವುದನ್ನೂ ಒಮ್ಮೆ ತೆರೆದು ನೋಡಿರಿ. 'ಮುನ್ನಡೆಸಿದೆ' ಎಂದಿರುವಲ್ಲಿ 'ಪಾಲ್ಗೊಂಡೆ' ಎಂದಾಗಬೇಕಿದ್ದರೆ ಇಂದೇ ತಿದ್ದಿರಿ. ತಿಳಿಯದ ಗೆಳೆಯನ ಗುಣಕ್ಕೆ ಹಾಕಿದ ಮುದ್ರೆಯನ್ನು ಹಿಂದಕ್ಕೆ ಪಡೆಯಿರಿ. ತಾನೇ ತಪ್ಪಿಲ್ಲದೆ ಬರೆದ ನಾಲ್ಕು ಸರಳ ಸಾಲು, ಅದರಲ್ಲಿ ನಿಮ್ಮ ಊರಿನ, ನಿಮ್ಮ ಕೆಲಸದ, ನಿಮ್ಮ ಕೈ ಸುಟ್ಟುಕೊಂಡ ಒಂದು ನಿಜವಾದ ವಿವರ ಇದ್ದರೆ, ಯಂತ್ರದ ನೂರು ಸಾಲಿಗಿಂತ ಭಾರವಾಗಿ ತೂಗುತ್ತದೆ. ಆ ವಿವರ ನಿಮ್ಮೊಬ್ಬರಲ್ಲಿ ಮಾತ್ರ ಇದೆ.

ತಾವು ಮಾಡದ ಕಾರ್ಯಗಳಿಗಾಗಿ ಪ್ರಶಂಸಿಸಲ್ಪಡಬೇಕೆಂದು ಬಯಸುವವರು ಶಿಕ್ಷೆಯಿಂದ ಪಾರಾದರೆಂದು ಭಾವಿಸಬಾರದೆಂದು ಆಲಿ ಇಮ್ರಾನ್ ಅಧ್ಯಾಯದ 188ನೆಯ ಸೂಕ್ತವು ಎಚ್ಚರಿಸುತ್ತದೆ. ಗಮನಿಸಿರಿ, ಅಲ್ಲಿ ಬಯಕೆಯನ್ನೇ ಹಿಡಿಯಲಾಗಿದೆ. ಯಂತ್ರವು ಆ ಬಯಕೆಯನ್ನು ಹುಟ್ಟಿಸಲಿಲ್ಲ. ಅದು ನಮ್ಮಲ್ಲಿ ಮೊದಲೇ ಇತ್ತು. ಯಂತ್ರ ಅದಕ್ಕೆ ಸಲೀಸಾದ ದಾರಿ ತೋರಿಸಿತು, ಅಷ್ಟೆ. ಆದುದರಿಂದ ಯಂತ್ರವನ್ನು ದೂರುವ ಮೊದಲು ಹೃದಯವನ್ನು ಶುಚಿಗೊಳಿಸಬೇಕಾಗಿದೆ.

ನಮ್ಮ ಬಗ್ಗೆ ನಾವು ಬರೆದುಕೊಂಡ ಪುಟ ಒಂದಿದೆ. ಅದನ್ನು ಬೇಕಾದಾಗ ತಿದ್ದಬಹುದು. ನಮ್ಮ ಬಗ್ಗೆ ಮಲಕ್‌ಗಳು ಬರೆಯುತ್ತಿರುವ ಕರ್ಮಪತ್ರ ಇನ್ನೊಂದಿದೆ. ಅಂತಿಮ ದಿನ ಅದನ್ನು ನಮ್ಮ ಕೈಗೇ ಕೊಟ್ಟು ಓದಿಕೊಳ್ಳುವಂತೆ ಹೇಳಲಾಗುವುದು. ಆ ಎರಡು ಪುಟಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಹೆಚ್ಚು ಅಂತರವಿಲ್ಲದವನೇ ಭಾಗ್ಯಶಾಲಿ.

ಅಲ್ಲಾಹನು ನಮ್ಮ ನಾಲಿಗೆಗೂ ಲೇಖನಿಗೂ ಸತ್ಯವನ್ನು ಕರುಣಿಸಲಿ. ಉದ್ಯೋಗ ಅರಸುತ್ತಿರುವ ನಮ್ಮ ಮಕ್ಕಳಿಗೆ 'ಹಲಾಲ್' ಆದ ಅನ್ನದ ಬಾಗಿಲುಗಳನ್ನು ತೆರೆದುಕೊಡಲಿ. ನಮ್ಮೆಲ್ಲರನ್ನೂ ಸತ್ಯಸಂಧರ ಸಾಲಿನಲ್ಲಿ ಸೇರಿಸಲಿ. ಆಮೀನ್.